ಮನೆಯ ಕಥೆಗೆ ಶಾಲೆಯ ಬಾಗಿಲು ತೆರೆದೀತೇ?

ಗ್ರಾಮೀಣ ಭಾರತದ ಮಕ್ಕಳು ಎಷ್ಟರ ಮಟ್ಟಿಗೆ ಓದಬಲ್ಲರು ಎಂಬುದನ್ನು 2005ರಿಂದ ಅಳೆಯುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮೊದಲು ಅಕ್ಷರ, ಬಳಿಕ ಪದ, ಅನಂತರ ಒಂದನೇ ತರಗತಿ ಮಟ್ಟದ ನಾಲ್ಕಾರು ವಾಕ್ಯಗಳು, ಕೊನೆಗೆ ಎರಡನೇ ತರಗತಿ ಮಟ್ಟದ ಪುಟ್ಟದೊಂದು ಕಥೆ. ಕಥೆಯನ್ನು ತಡವರಿಸದೆ ಓದಿದ ಮಗುವಿನ ಹೆಸರಿನ ಮುಂದೆ ‘ಕಥೆ’ ಎಂದು ಗುರುತು ಹಾಕಲಾಗುತ್ತದೆ. ಐದನೇ ತರಗತಿಯಲ್ಲಿ ಈ ಮೆಟ್ಟಿಲನ್ನು ತಲುಪಿದ ಮಕ್ಕಳ ರಾಷ್ಟ್ರೀಯ ಪ್ರಮಾಣ 2018ರಲ್ಲಿ ಶೇ 50.5ರಷ್ಟಿತ್ತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ ನಂತರ, 2022ರಲ್ಲಿ ಅದು ಶೇ 42.8ಕ್ಕೆ ಕುಸಿಯಿತು. 2024ರಲ್ಲಿ ಶೇ 48.8ಕ್ಕೆ ಚೇತರಿಸಿಕೊಂಡಿತು. ಈ ಮೂರೂ ಸಮೀಕ್ಷೆಗಳಲ್ಲಿ ಕರ್ನಾಟಕ ರಾಷ್ಟ್ರೀಯ ಸರಾಸರಿಗಿಂತ ಕೆಳಗೇ ಉಳಿದಿದೆ.

ಪ್ರತಿ ವರದಿ ಹೊರಬಂದಾಗಲೂ ರಾಜ್ಯದಲ್ಲಿ ಒಂದಷ್ಟು ದಿನ ಕಳವಳ ವ್ಯಕ್ತವಾಗುತ್ತದೆ, ಅಧಿಕಾರಿಗಳ ಸಭೆ ನಡೆಯುತ್ತದೆ, ಹೊಸದೊಂದು ಕಾರ್ಯಕ್ರಮಕ್ಕೆ ಹೆಸರಿಡಲಾಗುತ್ತದೆ. ಆದರೆ ಆ ಏಣಿಯ ಸ್ವರೂಪದಲ್ಲಿಯೇ ಅಡಗಿರುವ ವಿಪರ್ಯಾಸವೊಂದು ಚರ್ಚೆಗೆ ಬಂದದ್ದು ಕಡಿಮೆ. ಶಾಲೆಯ ಲೆಕ್ಕದಲ್ಲಿ ಕಥೆ ಎಂಬುದು ಏಣಿಯ ತುದಿ. ಮಗುವಿಗಾದರೋ ಕಥೆಯೇ ಮೊದಲ ಮೆಟ್ಟಿಲು. ಆರನೇ ವಯಸ್ಸಿನಲ್ಲಿ ಶಾಲೆಯ ಹೊಸ್ತಿಲು ದಾಟುವ ಮಗು ಅಕ್ಷರವಿಲ್ಲದೆ ಬಂದಿರಬಹುದು, ಕಥೆಯಿಲ್ಲದೆ ಬಂದಿರುವುದಿಲ್ಲ. ಅಜ್ಜಿ ಊಟ ಮಾಡಿಸುವಾಗ ಹೇಳಿದ್ದು, ಜಾತ್ರೆಯಲ್ಲಿ ಕಂಸಾಳೆಯವರು ಹಾಡಿದ್ದು, ಕೋಲದ ರಾತ್ರಿ ನಿದ್ದೆಗಣ್ಣಿನಲ್ಲಿ ಕೇಳಿದ್ದು, ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ತಾಯಿ ಗುನುಗಿದ್ದು ಎಲ್ಲವೂ ಅದರ ಜೊತೆಗಿರುತ್ತವೆ. ಇವುಗಳಲ್ಲಿ ಎಷ್ಟನ್ನು ಶಾಲೆ ಕೇಳಿಸಿಕೊಳ್ಳುತ್ತದೆ ಎಂಬುದು ಓದಿನ ಪ್ರಶ್ನೆಯಷ್ಟೇ ಅಲ್ಲ. ಒಂದೇ ಕೊಠಡಿಯಲ್ಲಿ ಕೂರುವ ಮಕ್ಕಳು ಪರಸ್ಪರರ ಮನೆಗಳನ್ನು ಅರಿತು ಬೆಳೆಯುತ್ತಾರೆಯೇ, ಅರಿಯದೆಯೇ ಬೆಳೆಯುತ್ತಾರೆಯೇ ಎಂಬ ಪ್ರಶ್ನೆಯೂ ಹೌದು.

ಕನ್ನಡ ಶಾಲೆ, ಹಲವು ಮನೆಮಾತು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರ ಪ್ರಮಾಣ ಸುಮಾರು ಶೇ 66. ಉಳಿದ ಮೂರನೇ ಒಂದು ಭಾಗದ ಜನರ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಬ್ಯಾರಿ, ಕೊಡವ, ಲಂಬಾಣಿ ಮುಂತಾದ ಮಾತುಗಳಿವೆ. ಲಂಬಾಣಿಯ ಸ್ಥಿತಿಯಂತೂ ವಿಚಿತ್ರ. ಜನಗಣತಿಯ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಭಾಷೆಯ ಸ್ಥಾನವಿಲ್ಲ. ಅದು ಹಿಂದಿಯ ಅಡಿಯಲ್ಲಿ ಬರುವ ಮಾತೃಭಾಷೆಗಳಲ್ಲೊಂದು. ವಿಜಯಪುರ ಅಥವಾ ಕಲಬುರಗಿಯ ತಾಂಡಾದ ಮಗುವಿಗೆ ಹಿಂದಿಯೂ ಬಾರದು, ಶಾಲೆಗೆ ಸೇರುವ ದಿನ ಪುಸ್ತಕದ ಕನ್ನಡವೂ ಪೂರ್ತಿ ಬಾರದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಹಿಂದಿ ಭಾಷಿಕ.

ಕನ್ನಡವೇ ಮನೆಮಾತಾದ ಮಕ್ಕಳಿಗೂ ಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ. ಬೀದರಿನ ಮನೆಯ ಮಾತಿಗೂ ಕುಂದಾಪುರದ ಮನೆಯ ಮಾತಿಗೂ ಪಠ್ಯದ ವಾಕ್ಯಕ್ಕೂ ಇರುವ ಅಂತರವನ್ನು ಶಿಕ್ಷಕರು ಮೊದಲ ವಾರದಲ್ಲಿಯೇ ಕಾಣುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ಆದರೂ ಆ ಮಗುವಿನ ನುಡಿಯನ್ನು ‘ಅಶುದ್ಧ ಕನ್ನಡ’ ಎಂದು ತಿದ್ದುವ ಅಭ್ಯಾಸ ಹೊಸದೇನಲ್ಲ.

ಭಾಷೆಯ ಈ ಅಂತರವನ್ನು ದಾಟಲು ಕಥೆಗಿಂತ ಸುಲಭವಾದ ಸೇತುವೆ ಮತ್ತೊಂದಿಲ್ಲ ಎಂಬುದಕ್ಕೆ ನಾಡಿನ ಗಡಿಗಳೇ ಸಾಕ್ಷಿ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಬಹುದು. ಕನ್ನಡದ ಮನೆಗಳಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆಗೆ ಸಗಣಿಯ ಮನೆ ಕೊಚ್ಚಿಹೋಗುತ್ತದೆ, ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ ತಾಳು, ಬಟ್ಟೆ ತೊಡಿಸುತ್ತಿದ್ದೇನೆ ತಾಳು ಎಂದು ಗುಬ್ಬಿ ಒಳಗಿನಿಂದಲೇ ಸಾಗಹಾಕುತ್ತದೆ. ಬೆಳಗಾವಿಯ ಮರಾಠಿ ಮನೆಗಳಲ್ಲಿಯೂ ಇದೇ ಕಾಗೆ, ಇದೇ ಗುಬ್ಬಿ, ಇದೇ ಮಳೆ. ಗುಬ್ಬಿಯ ಮನೆ ಮಾತ್ರ ಕಲ್ಲಿನದಲ್ಲ, ಮೇಣದ್ದು. ಮರಾಠಿಯಲ್ಲಿ ಸಗಣಿಗೂ ಮೇಣಕ್ಕೂ ಪ್ರಾಸ ಕೂಡುವುದರಿಂದ ಮನೆ ಹಾಗಾಗಿರಬೇಕು. ಗಡಿಯ ಹೆಸರಿನಲ್ಲಿ ದಶಕಗಳಿಂದ ಬಸ್ಸುಗಳಿಗೆ ಮಸಿ ಬಳಿಯಲಾಗುತ್ತಿರುವ ಜಿಲ್ಲೆಯಲ್ಲಿ, ಎರಡೂ ಕಡೆಯ ಅಜ್ಜಿಯರು ಮಕ್ಕಳನ್ನು ಒಂದೇ ಕಥೆಯಿಂದ ಮಲಗಿಸುತ್ತ ಬಂದಿದ್ದಾರೆ. ಮಕ್ಕಳಿಬ್ಬರು ತಂತಮ್ಮ ಮನೆಯ ಕಥೆಯನ್ನು ಒಂದೇ ತರಗತಿಯಲ್ಲಿ ಹೇಳಿದರೆ ನಡೆಯುವ ವಾದವನ್ನು ಊಹಿಸುವುದು ಕಷ್ಟವಲ್ಲ. ಮೇಣದ ಮನೆ ಮಳೆಗೆ ನಿಂತೀತೇ, ಬಿಸಿಲು ಬಂದರೆ ಏನಾದೀತು, ಕಲ್ಲಿನ ಮನೆ ಕಟ್ಟಲು ಗುಬ್ಬಿಗೆ ಕಲ್ಲು ಹೊತ್ತವರು ಯಾರು? ಬಾಗಿಲು ತೆರೆಯದೆ ಸತಾಯಿಸಿದ ಗುಬ್ಬಿ ಒಳ್ಳೆಯದೋ ಕೆಟ್ಟದ್ದೋ ಎಂಬಲ್ಲಿಗೆ ಆ ವಾದ ಖಂಡಿತ ಬಂದು ನಿಲ್ಲುತ್ತದೆ.

ಕೋಲಾರ, ಬಳ್ಳಾರಿಯ ಕಡೆಯ ತೆಲುಗು ಮನೆಗಳಲ್ಲಿ ಏಳು ಮೀನುಗಳ ಕಥೆಯಿದೆ. ರಾಜನ ಏಳು ಮಕ್ಕಳು ತಂದು ಒಣಗಹಾಕಿದ ಏಳು ಮೀನುಗಳಲ್ಲಿ ಒಂದು ಒಣಗುವುದಿಲ್ಲ. ಏಕೆ ಒಣಗಲಿಲ್ಲ ಎಂದು ಮೀನನ್ನು ಕೇಳಿದರೆ ಅದು ಹುಲ್ಲಿನ ಮೆದೆಯತ್ತ ಕೈ ತೋರುತ್ತದೆ. ಹುಲ್ಲು ಹಸುವಿನತ್ತ, ಹಸು ದನಗಾಹಿಯತ್ತ, ದನಗಾಹಿ ಅನ್ನ ಬಡಿಸದ ಅವ್ವನತ್ತ, ಅವ್ವ ಅಳುವ ಮಗುವಿನತ್ತ, ಮಗು ಕಚ್ಚಿದ ಇರುವೆಯತ್ತ. ನನ್ನ ಚಿನ್ನದ ಗೂಡಿನಲ್ಲಿ ಬೆರಳಿಟ್ಟರೆ ಕಚ್ಚದೆ ಬಿಟ್ಟೇನೇ ಎನ್ನುವ ಇರುವೆಯೊಂದಿಗೆ ಕಥೆ ಮುಗಿಯುತ್ತದೆ. ಕರಾವಳಿಯ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ತನ್ನ ಶೀರ್ಷಿಕೆಯಲ್ಲಿಯೇ ಅದೇ ಪ್ರಶ್ನೆಯನ್ನು ಕೇಳುತ್ತದೆ. ಒಳನಾಡಿನ ಮೀನು ಕಡಲ ತೀರದಲ್ಲಿ ಸಿಗಡಿಯಾಗಿರುವುದರಲ್ಲಿ ಅಚ್ಚರಿಯಿಲ್ಲ. ಕಾರ್ಯಕಾರಣ ಸಂಬಂಧವನ್ನು ಕಲಿಸಲು ಇದಕ್ಕಿಂತ ಉತ್ತಮ ಪಾಠವನ್ನು ಯಾವ ಸಮಿತಿಯೂ ಬರೆಯಲಾರದು. ಸರಪಳಿಯಂತಹ ಈ ಕಥೆಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬರುವುದರಿಂದ, ಭಾಷೆ ಬಾರದ ಮಗುವೂ ನಾಲ್ಕನೇ ಸುತ್ತಿಗೆ ದನಿಗೂಡಿಸುತ್ತದೆ.

ಮೂರು ಹುಲಿಗಳು

ಕಥೆಯ ಮೂಲಕ ಪರಸ್ಪರರ ಸಂಸ್ಕೃತಿಯನ್ನು ಅರಿಯುವುದು ಎಂದರೆ ವೇಷಭೂಷಣ ಸ್ಪರ್ಧೆಯಲ್ಲಿ ಮಕ್ಕಳಿಗೆ ಬೇರೆ ಬೇರೆ ರಾಜ್ಯದ ಉಡುಪು ತೊಡಿಸಿದಂತೆ ಎಂದು ಭಾವಿಸುವವರಿದ್ದಾರೆ. ಅದು ಅಷ್ಟು ಸರಳವಲ್ಲ. ಪುಣ್ಯಕೋಟಿಯ ಕಥೆಯನ್ನು ಕೇಳದ ಕನ್ನಡದ ಮಗು ವಿರಳ. ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ಕಂಡು ಹಸಿದ ಹುಲಿ ಪ್ರಾಣ ಬಿಡುವ ಈ ಕಥೆ ತಲೆಮಾರುಗಳ ಕಾಲ ಶಾಲೆಯ ಪಾಠವಾಗಿದೆ. ಪಾಠ ಮುಗಿದೊಡನೆ ಕೇಳಲಾಗುವ ಪ್ರಶ್ನೆ ಒಂದೇ: ಈ ಕಥೆಯ ನೀತಿಯೇನು? ಉತ್ತರವೂ ಒಂದೇ. ಸತ್ಯವೇ ದೊಡ್ಡದು.

ಆದರೆ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಶಾಲೆಯಲ್ಲಿ ಕುಳಿತ ಮಗುವಿಗೆ ಹುಲಿ ಕಥೆಯ ಪ್ರಾಣಿ ಮಾತ್ರವಲ್ಲ. ಮಲೆ ಮಹದೇಶ್ವರನ ವಾಹನವೇ ಹುಲಿ. ಮಾದಪ್ಪ ಹುಲಿಯ ಮೇಲೆ ಕುಳಿತು ಬೆಟ್ಟ ಸುತ್ತುವುದನ್ನು ಆ ಮಗು ಕಂಸಾಳೆಯ ಹಾಡಿನಲ್ಲಿ ಕೇಳಿರುತ್ತದೆ, ಮನೆಯ ಗೋಡೆಯ ಪಟದಲ್ಲಿ ನೋಡಿರುತ್ತದೆ. ಸೋಲಿಗರ ಪಾಲಿಗೆ ಹುಲಿ ಪೂಜೆಗೆ ಅರ್ಹನಾದ ಹುಲಿವೀರಪ್ಪ. ಅದೇ ತರಗತಿಯ ಮತ್ತೊಂದು ಮಗುವಿನ ಮನೆಯ ಹಸುವನ್ನು ಕಳೆದ ತಿಂಗಳು ಹುಲಿ ಹಿಡಿದಿರಬಹುದು. ಅಪ್ಪ ಅರಣ್ಯ ಇಲಾಖೆಯ ಕಚೇರಿಗೆ ಪರಿಹಾರಕ್ಕಾಗಿ ಅಲೆಯುತ್ತಿರಬಹುದು. ಕರಾವಳಿಗೆ ಬಂದರೆ ಹುಲಿಯ ನಂಟೇ ಬೇರೆ. ಅಲ್ಲಿ ನವರಾತ್ರಿಯ ಪಿಲಿವೇಷವಿದೆ, ಪಿಲಿಚಾಮುಂಡಿ ಎಂಬ ದೈವವಿದೆ. ಪುಣ್ಯಕೋಟಿಯ ಹುಲಿ, ಮಾದಪ್ಪನ ಹುಲಿ, ಪಿಲಿಚಾಮುಂಡಿಯ ಹುಲಿ ಮೂರೂ ಕನ್ನಡ ನಾಡಿನವೇ. ಪರೀಕ್ಷೆಯಲ್ಲಿ ಅಂಕ ಸಿಗುವುದು ಮಾತ್ರ ಒಂದಕ್ಕೆ.

ಹುಲಿ ಯಾಕೆ ಸಾಯಬೇಕಿತ್ತು, ಅದಕ್ಕೂ ಹಸಿವಿರಲಿಲ್ಲವೇ ಎಂದು ಕೇಳುವ ಮಗು ಕಥೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿಲ್ಲ. ತನ್ನ ಮನೆಯ ಹುಲಿಯನ್ನು ಪಠ್ಯದ ಹುಲಿಯ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಿದೆ, ಅಷ್ಟೇ. ಆ ಪ್ರಶ್ನೆಗೆ ಎರಡು ನಿಮಿಷ ಕೊಡುವ ತರಗತಿಯಲ್ಲಿ ಹಸುವನ್ನು ಕಳೆದುಕೊಂಡ ಮನೆಯ ಮಗುವೂ ಹುಲಿಗೆ ಕೈಮುಗಿಯುವ ಮನೆಯ ಮಗುವೂ ಪರಸ್ಪರರ ಮಾತು ಕೇಳುತ್ತವೆ. ನೀತಿಯೇನು ಎಂದು ಕೇಳಿ ಮುಂದಿನ ಪಾಠಕ್ಕೆ ಹೊರಡುವ ತರಗತಿಯಲ್ಲಿ ಇಬ್ಬರೂ ಮೌನವಾಗಿರುತ್ತಾರೆ.

ನಲಿ-ಕಲಿ ಹಾಗೂ ಕಾರಂಜಿ

ಶಾಲೆಯಲ್ಲಿ ಕಥೆಗೆ ಸ್ಥಾನವೇ ಇಲ್ಲ ಎಂದು ಹೇಳುವಂತಿಲ್ಲ. ಕರ್ನಾಟಕದ ಪ್ರಾಥಮಿಕ ಶಿಕ್ಷಣದ ದೊಡ್ಡ ಪ್ರಯೋಗವಾದ ‘ನಲಿ-ಕಲಿ’ ಹುಟ್ಟಿದ್ದೇ ಹಾಡು, ಆಟ, ಕಥೆಗಳ ಮೇಲೆ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಶಿಕ್ಷಕರು, ಅಲ್ಲಿನ ಕಲಿಕಾ ಏಣಿ ಹಾಗೂ ಕಾರ್ಡುಗಳ ಪದ್ಧತಿಯನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಜೇನುಕುರುಬರ ಹಾಡಿಗಳಿರುವ ತಾಲ್ಲೂಕಿನಲ್ಲಿ, ಶಿಕ್ಷಕರ ಕೈಯಿಂದಲೇ ರೂಪುಗೊಂಡ ಪದ್ಧತಿಯದು. ರಾಜ್ಯವ್ಯಾಪಿಯಾದಾಗ ಕಾರ್ಡುಗಳು ಒಂದೇ ಅಚ್ಚಿನಲ್ಲಿ ಮುದ್ರಣವಾಗಿ ಎಲ್ಲ ಜಿಲ್ಲೆಗಳಿಗೂ ತಲುಪಿದವು. ಔರಾದಿನ ಮಗುವಿಗೂ ಸುಳ್ಯದ ಮಗುವಿಗೂ ಒಂದೇ ಕಥೆಯ ಕಾರ್ಡು. ವಿಸ್ತರಣೆಗೆ ಇದು ಅನಿವಾರ್ಯವಾಗಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಕಾರ್ಡಿನಲ್ಲಿರುವ ಕಥೆ ಮಗುವಿನ ಮೈಲಿಗಲ್ಲಾಯಿತೇ ಹೊರತು ಮಗುವಿನ ಕಥೆ ಕಾರ್ಡಾಗಲಿಲ್ಲ.

ಕಥೆ ಹೇಳುವುದು ‘ಪ್ರತಿಭಾ ಕಾರಂಜಿ’ಯಲ್ಲಿ ಒಂದು ಸ್ಪರ್ಧೆಯೂ ಹೌದು. ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಸಾಗುವ ಈ ಸ್ಪರ್ಧೆಯಿಂದ ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ಬಾರಿ ವೇದಿಕೆ ದಕ್ಕಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸ್ಪರ್ಧೆಗೆ ಬೇಕಾದದ್ದು ತೀರ್ಪುಗಾರರು ಮೆಚ್ಚುವ ಕಥೆ. ನಿಗದಿತ ನಿಮಿಷಗಳಲ್ಲಿ ಮುಗಿಯಬೇಕು, ಹಾವಭಾವ ಇರಬೇಕು, ಉಚ್ಚಾರಣೆ ಶುದ್ಧವಾಗಿರಬೇಕು. ಹೀಗಾಗಿ ಶಿಕ್ಷಕರು ಬರೆದುಕೊಟ್ಟದ್ದನ್ನು ಉರು ಹೊಡೆದ ಮಗು ಗೆಲ್ಲುತ್ತದೆ. ಅಜ್ಜಿಯ ಮಾತಿನಲ್ಲಿ ಕಥೆ ಹೇಳುವ ಮಗು ಆಯ್ಕೆಯ ಮಟ್ಟದಲ್ಲಿಯೇ ಹಿಂದುಳಿಯುತ್ತದೆ. ಇಡೀ ಶಾಲೆಯಿಂದ ಒಬ್ಬರು ಹೇಳಿ ಉಳಿದವರೆಲ್ಲ ಚಪ್ಪಾಳೆ ತಟ್ಟುವುದು ಸ್ಪರ್ಧೆಯ ಕ್ರಮ. ಕಥೆಯ ಕ್ರಮ ಅದಲ್ಲ.

ನಗರದ ಖಾಸಗಿ ಶಾಲೆಗಳು ಈ ಕೊರತೆಯನ್ನು ಬಲು ಬೇಗ ಗುರುತಿಸಿದವು. ಗೀತಾ ರಾಮಾನುಜಂ 1998ರಲ್ಲಿ ಬೆಂಗಳೂರಿನಲ್ಲಿ ‘ಕಥಾಲಯ’ವನ್ನು ಆರಂಭಿಸಿದ ಮೇಲೆ ಕಥೆ ಹೇಳುವುದು ತರಬೇತಿ ಪಡೆದು ನಡೆಸುವ ವೃತ್ತಿಯಾಗಿಯೂ ಬೆಳೆದಿದೆ. ಮನೆಯಲ್ಲಿ ಅಜ್ಜಿಯಿಲ್ಲದ ಮಕ್ಕಳಿಗೆ ಶಾಲೆ ಕಥೆಗಾರರನ್ನು ಕರೆತರುತ್ತದೆ. ಅಜ್ಜಿಯಿರುವ ಮಕ್ಕಳ ಶಾಲೆಗೆ ಅಜ್ಜಿಯನ್ನು ಕರೆಯುವವರಿಲ್ಲ.

ಜಗಳ ನಡೆದದ್ದು ಬೇರೆಡೆ

ರಾಜ್ಯದಲ್ಲಿ ಶಾಲಾ ಶಿಕ್ಷಣದ ಬಗ್ಗೆ ಜಗಳಗಳಿಗೆ ಬರವಿರಲಿಲ್ಲ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ಬೀದಿಗೆ ಬಂತು. ಯಾರ ಪಾಠ ಸೇರಿತು, ಯಾರದು ಬಿಟ್ಟುಹೋಯಿತು ಎಂಬುದರ ಮೇಲೆ ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಸಾಹಿತಿಗಳು ತಮ್ಮ ಪಾಠಗಳನ್ನು ಕೈಬಿಡುವಂತೆ ಪತ್ರ ಬರೆದರು. ಸರ್ಕಾರ ಬದಲಾದ ಬಳಿಕ 2023ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಎರಡೂ ಬಾರಿ ಚರ್ಚೆಯ ಕೇಂದ್ರದಲ್ಲಿದ್ದದ್ದು ಹಿರಿಯರು ಮಕ್ಕಳಿಗೆ ಯಾವ ಕಥೆ ಹೇಳಬೇಕು ಎಂಬುದು. ಮಕ್ಕಳು ಯಾವ ಕಥೆ ತಂದಿದ್ದಾರೆ ಎಂದು ಎಡದವರೂ ಕೇಳಲಿಲ್ಲ, ಬಲದವರೂ ಕೇಳಲಿಲ್ಲ.

ಮಾಧ್ಯಮದ ಜಗಳ ಇನ್ನೂ ಹಳೆಯದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ರಾಜ್ಯ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಕವಾದ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ, ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕು ಎಂದು ಮತ್ತೆ ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ವಿರೋಧಿಸಿ ರಚನೆಯಾದ ಆಯೋಗ ಈ ಒಂದು ವಿಷಯದಲ್ಲಿ ಅದರ ಸಮೀಪವೇ ಬಂದು ನಿಂತದ್ದು ಗಮನಾರ್ಹ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಕಾಗದದ ಮೇಲೆ ಒಮ್ಮತಕ್ಕೆ ಕೊರತೆಯಿಲ್ಲ.

ಆದರೆ ‘ಕನ್ನಡ ಅಥವಾ ಮಾತೃಭಾಷೆ’ ಎಂಬ ಪದಪುಂಜದಲ್ಲಿ ‘ಅಥವಾ’ ಎಂಬುದನ್ನು ಯಾರೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ತಾಂಡಾದ ಮಗುವಿಗೆ, ಕೊರಗರ ಮಗುವಿಗೆ, ಹಾಡಿಯ ಮಗುವಿಗೆ ಈ ನೀತಿಯಿಂದ ದಕ್ಕುವುದೇನು? ಇಂಗ್ಲಿಷ್ ಹೇರಿಕೆಯನ್ನು ವಿರೋಧಿಸಿ ಮಾತೃಭಾಷೆಯ ಪರ ವಾದಿಸುವವರು, ಕನ್ನಡವೂ ಕೆಲವು ಮಕ್ಕಳಿಗೆ ಹೊರಗಿನ ಭಾಷೆಯೇ ಎಂಬ ಮಾತು ಬಂದಾಗ ಮುಜುಗರಕ್ಕೀಡಾಗುತ್ತಾರೆ.

ಈ ಮುಜುಗರವನ್ನು ಅರಿಯಲು ಕಾಸರಗೋಡಿನತ್ತ ನೋಡಿದರೆ ಸಾಕು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಪಾಲಕರು ಪ್ರತಿಭಟಿಸಿದ್ದಾರೆ. 2017ರಲ್ಲಿ ಕೇರಳ ಸರ್ಕಾರ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಗಡಿನಾಡಿನ ಕನ್ನಡಿಗರು ಬೀದಿಗಿಳಿದರು, ಕರ್ನಾಟಕ ಅವರ ಬೆಂಬಲಕ್ಕೆ ನಿಂತಿತು. ಮಗುವಿಗೆ ತಿಳಿಯದ ಭಾಷೆಯ ಶಿಕ್ಷಕ ಪಾಠ ಮಾಡುವುದು ಅನ್ಯಾಯ ಎಂಬುದು ಆಗಿನ ವಾದ. ಅದು ಸರಿಯಾದ ವಾದವೇ. ಅದೇ ವಾದವನ್ನು ತಾಂಡಾದ ತಾಯಿ ಮುಂದಿಟ್ಟರೆ ಕರ್ನಾಟಕದ ಬಳಿ ಉತ್ತರವಿರಬೇಕಲ್ಲವೇ?

ಬೇರೆ ರಾಜ್ಯದ ಅನುಭವ ಇಲ್ಲದಿಲ್ಲ. ಒಡಿಶಾ 2006-07ರಲ್ಲಿಯೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣ ಆರಂಭಿಸಿ, ಮುಂದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿತು. ಅಲ್ಲಿಯೂ ಶಿಕ್ಷಕರ ಕೊರತೆ ಕಾಡಿದೆ. ಅದೇ ಮಾದರಿಯನ್ನು ಇಲ್ಲಿ ತರುವುದು ದೂರದ ಮಾತು. ಆದರೆ ಪ್ರತಿ ಭಾಷೆಯಲ್ಲಿ ಪೂರ್ತಿ ಪಠ್ಯಪುಸ್ತಕ ಬರುವವರೆಗೆ ಕಾಯಬೇಕಾಗಿಲ್ಲ. ಲಂಬಾಣಿ ಬಾರದ ಶಿಕ್ಷಕರೂ ಲಂಬಾಣಿ ಕಥೆಯೊಂದನ್ನು ತರಗತಿಯಲ್ಲಿ ಹೇಳಿಸಬಹುದು. ಮಗು ತನ್ನ ಮಾತಿನಲ್ಲಿ ಹೇಳುತ್ತದೆ, ಎರಡೂ ಮಾತು ಬಲ್ಲ ನಾಲ್ಕನೇ ತರಗತಿಯ ಹುಡುಗಿ ಕನ್ನಡದಲ್ಲಿ ತಿಳಿಸುತ್ತಾಳೆ, ಶಿಕ್ಷಕರು ಅದನ್ನು ಹಲಗೆಯ ಮೇಲೆ ಬರೆಯುತ್ತಾರೆ. ಮರುದಿನ ಮಕ್ಕಳು ಓದುವುದು ಅದನ್ನೇ. ಸಾರವನ್ನು ಮೊದಲೇ ಬಲ್ಲ ಮಗುವಿಗೆ ಅಕ್ಷರ ಹಿಡಿಯುವುದು ಅಷ್ಟು ದುಸ್ತರವಾಗದು. ಮೊದಲ ಬಾರಿಗೆ ಆ ಕೊಠಡಿಯಲ್ಲಿ ಶಿಕ್ಷಕರಿಗೆ ಗೊತ್ತಿಲ್ಲದ್ದು ಮಗುವಿಗೆ ಗೊತ್ತಿರುತ್ತದೆ.

ಹೇಳಬಾರದ ಕಥೆಗಳು

ಮನೆಯ ಕಥೆಗಳೆಲ್ಲ ನಿರ್ಮಲ ಎಂದು ತಿಳಿಯುವುದು ಮತ್ತೊಂದು ತಪ್ಪು. ಕಿವುಡರನ್ನು, ಕುರುಡರನ್ನು ಅಣಕಿಸುವ ಕಥೆಗಳು, ಮಲತಾಯಿಯೆಂದರೆ ರಾಕ್ಷಸಿ ಎನ್ನುವ ಕಥೆಗಳು, ಒಂದು ಜಾತಿಯವರನ್ನು ಪೆದ್ದರೆಂದೂ ಇನ್ನೊಂದು ಜಾತಿಯವರನ್ನು ಕಳ್ಳರೆಂದೂ ತೋರುವ ಕಥೆಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಅವು ತರಗತಿಗೆ ಬಂದಾಗ ಅದೇ ಸಮುದಾಯದ ಮಗು ಮುಂದಿನ ಸಾಲಿನಲ್ಲಿ ಕುಳಿತಿರುತ್ತದೆ. ಶಿಕ್ಷಕರಿಗೆ ಇಲ್ಲಿ ಬೇಕಾಗುವ ವಿವೇಕವನ್ನು ಯಾವ ಸುತ್ತೋಲೆಯೂ ಕೊಡಲಾರದು.

ಇದಕ್ಕಿಂತ ಗಂಭೀರವಾದದ್ದು ಹೇಳದೆ ಉಳಿಯುವ ಕಥೆಗಳ ಪ್ರಶ್ನೆ. ಮನೆಯಲ್ಲಿ ಏನು ಅಡುಗೆ, ಯಾವ ದೇವರಿಗೆ ಏನು ಎಡೆ, ಹಬ್ಬದಲ್ಲಿ ಯಾರು ಕುಣಿದರು ಎಂಬುದರಲ್ಲಿ ಯಾವುದನ್ನು ಶಾಲೆಯಲ್ಲಿ ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದನ್ನು ದಲಿತ ಮಗು ಯಾರೂ ಕಲಿಸದೆಯೇ ಕಲಿಯುತ್ತದೆ. ಹಳೆ ಮೈಸೂರು ಭಾಗದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ, ಬಸವಣ್ಣನ ಕಲ್ಯಾಣವನ್ನೇ ಪರೀಕ್ಷೆಗೆ ಒಡ್ಡುವ ಮಹಾಕಥನ. ವಿಶ್ವವಿದ್ಯಾಲಯಗಳಲ್ಲಿ ಅದರ ಮೇಲೆ ಸಂಶೋಧನಾ ಪ್ರಬಂಧಗಳು ಬಂದಿವೆ. ಆ ಕಥೆಯನ್ನು ಉಸಿರಿನಂತೆ ಬಲ್ಲ ಮನೆಯ ಮಗುವಿಗೆ ಎರಡನೇ ತರಗತಿಯಲ್ಲಿ ಸಿಗುವುದು ಆಮೆ ಮೊಲದ ಓಟ. ಆಮೆ ಮೊಲದ ಕಥೆಯಲ್ಲಿ ದೋಷವೇನೂ ಇಲ್ಲ. ಅದು ಎಲ್ಲರಿಗೂ ಸೇರಿದ್ದು, ಹಾಗಾಗಿಯೇ ಯಾರ ಮನೆಯದೂ ಅಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದರಲ್ಲಿ, ಕಥೆಯೊಂದನ್ನೂ ಹಾಡೊಂದನ್ನೂ ಬಲ್ಲ ಗೃಹಿಣಿ ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿರುತ್ತಾಳೆ. ಉಸಿರು ಕಟ್ಟಿದ ಕಥೆಯೂ ಹಾಡೂ ಅವಳಿಂದ ಹೊರಬಿದ್ದು, ಬಾಗಿಲ ಬಳಿ ಗಂಡಸಿನ ಪಾದರಕ್ಷೆಯಾಗಿ, ಅಂಗಿಯಾಗಿ ಕುಳಿತು ಗಂಡಹೆಂಡಿರ ನಡುವೆ ಜಗಳ ಹಚ್ಚುತ್ತವೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಬಳಸಿದ್ದು ಇದನ್ನೇ. ಹೇಳದ ಕಥೆ ಸುಮ್ಮನಿರುವುದಿಲ್ಲ ಎಂಬುದನ್ನು ಜನಪದರು ಬಹಳ ಹಿಂದೆಯೇ ಬಲ್ಲವರಾಗಿದ್ದರು.

ಸಮಯ ಎಲ್ಲಿದೆ?

ಶಿಕ್ಷಕರನ್ನು ದೂರುವುದು ಸುಲಭ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಒಬ್ಬರೋ ಇಬ್ಬರೋ ಸಂಭಾಳಿಸುವ ಶಾಲೆಗಳು ರಾಜ್ಯದಲ್ಲಿ ಸಾಕಷ್ಟಿವೆ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, 2024ರಿಂದ ವಾರಕ್ಕೆ ಆರು ದಿನಕ್ಕೆ ಏರಿದ ಮೊಟ್ಟೆಯ ಲೆಕ್ಕ, ಮೊಟ್ಟೆ ತಿನ್ನದವರ ಬಾಳೆಹಣ್ಣಿನ ಲೆಕ್ಕ, ಇವೆಲ್ಲವನ್ನೂ ಗಣಕಯಂತ್ರಕ್ಕೆ ಏರಿಸುವ ಕೆಲಸ. ಮಕ್ಕಳಿಗೆ ಮೊಟ್ಟೆ ಬೇಡವೆಂದು ಯಾರೂ ಹೇಳಲಾರರು. ಲೆಕ್ಕ ಬರೆಯುವ ಕೈ ಮಾತ್ರ ಪಾಠ ಹೇಳುವ ಕೈಯೇ ಆಗಿರುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನಿಯೋಜಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಶಿಕ್ಷಕರು ಅರವತ್ತು ಪ್ರಶ್ನೆಗಳನ್ನು ಹಿಡಿದು ಮನೆಮನೆಯ ಬಾಗಿಲು ತಟ್ಟಿದರು. ಊರಿನ ಎಲ್ಲ ಅಜ್ಜಿಯರನ್ನೂ ಅವರು ಕಂಡು ಬಂದದ್ದು ಬಹುಶಃ ಅದೇ ಮೊದಲು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ನಿಪುಣ್ ಭಾರತ್’ ಅಭಿಯಾನವು 2026-27ರ ವೇಳೆಗೆ ಮೂರನೇ ತರಗತಿಯ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟುಕೊಂಡಿತು. ಅದರ ಮಾರ್ಗಸೂಚಿಯಲ್ಲಿಯೂ, 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿಯೂ ಕಥೆ, ಹಾಡು, ಮಾತುಕತೆಗಳಿಗೆ ಒತ್ತು ಇದೆ. ಆದರೆ ಗುರಿ ಸಮೀಪಿಸಿದಂತೆಲ್ಲ ಒತ್ತು ಬೀಳುವುದು ಅಳೆಯಬಹುದಾದುದರ ಮೇಲೆ. ಮಗು ನಿಮಿಷಕ್ಕೆ ಎಷ್ಟು ಪದ ಓದಿತು ಎಂಬುದನ್ನು ಎಣಿಸಬಹುದು. ಸಹಪಾಠಿಯ ಮನೆಯ ಹುಲಿಯನ್ನು ಅದು ಅರಿತುಕೊಂಡಿತೇ ಎಂಬುದನ್ನು ತುಂಬಲು ನಮೂನೆಯಲ್ಲಿ ಕಲಂ ಇಲ್ಲ. ಇರಬೇಕೆಂದೂ ಹೇಳಲಾಗದು. ಕಲಂ ಬಂದ ದಿನ ಅದಕ್ಕೊಂದು ರಿಜಿಸ್ಟರ್ ಬರುತ್ತದೆ, ಛಾಯಾಚಿತ್ರ ಕಳುಹಿಸುವ ಆದೇಶ ಬರುತ್ತದೆ, ಕಥೆ ಸತ್ತುಹೋಗುತ್ತದೆ.

ಹಾಗಾದರೆ ಮಾಡಬಹುದಾದದ್ದು ಏನು? ಇಲಾಖೆ ಹೊಸ ಯೋಜನೆ ರೂಪಿಸುವುದಕ್ಕಿಂತ, ವಾರಕ್ಕೆ ಎರಡು ಅವಧಿಗಳನ್ನು ಶಿಕ್ಷಕರಿಗೆ ಬಿಟ್ಟುಕೊಟ್ಟು ಅದರ ವರದಿ ಕೇಳದೆ ಇದ್ದರೆ ಅರ್ಧ ಕೆಲಸ ಆದಂತೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಬದಲಾಗಿ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ, ಊರಿನ ಹಿರಿಯರು ಅಲ್ಲಿ ಹೇಳಿದ ಕಥೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲು ಹಣವೇನೂ ಬೇಡ. ಬೆಂಗಳೂರಿನ 2004ರ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಯಾರು ಬೇಕಾದರೂ ಯಾವ ಭಾಷೆಯಲ್ಲಾದರೂ ಮಕ್ಕಳ ಕಥೆ ಸೇರಿಸುವ ಅವಕಾಶವಿದೆ. ಡಯಟ್‌ಗಳಲ್ಲಿ ಡಿ.ಇಡಿ. ಓದುವ ಪ್ರಶಿಕ್ಷಣಾರ್ಥಿಗಳಿಗೆ ತಾವು ಅಭ್ಯಾಸ ಪಾಠ ಮಾಡುವ ಊರಿನಿಂದ ಹತ್ತು ಕಥೆ ಸಂಗ್ರಹಿಸಿ ತರುವ ಕೆಲಸ ಕೊಟ್ಟರೆ, ಕೆಲವೇ ವರ್ಷಗಳಲ್ಲಿ ಜಿಲ್ಲೆಗೊಂದು ಕಥೆಗಳ ಕಣಜವಾದೀತು.

ಇದು ಹೊರಗಿನಿಂದ ಬಂದ ಆಲೋಚನೆಯೂ ಅಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ ದಕ್ಷಿಣ ಕನ್ನಡ, ಕೊಡಗುಗಳಲ್ಲಿ ಓಡಾಡಿದವರು. ಕೊಂಕಣಿಯ ಮನೆಯಿಂದ ಬಂದು, ತುಳು ಮಾತಿನ ಊರುಗಳಲ್ಲಿ ಕೆಲಸ ಮಾಡಿ, ಕೊಡಗಿನ ಹುತ್ತರಿ ಹಬ್ಬವನ್ನು ಕನ್ನಡದಲ್ಲಿ ಹಾಡಿದರು. ಶಾಲೆಗಳ ತನಿಖೆಗೆಂದು ಹೋಗುತ್ತಿದ್ದ ಅಧಿಕಾರಿಯೇ ಮಕ್ಕಳಿಗೆ ಸಿಗಡಿಯ ಕಥೆಯನ್ನೂ ಇಲಿಗಳ ಕಥೆಯನ್ನೂ ಬರೆದುಕೊಟ್ಟರು. ಈಗಲೂ ಪ್ರತಿ ಕ್ಲಸ್ಟರಿಗೆ ಒಬ್ಬರು ಸಂಪನ್ಮೂಲ ವ್ಯಕ್ತಿ ಇದ್ದಾರೆ, ತಿಂಗಳಿಗೊಮ್ಮೆ ಶಾಲೆಗೆ ಭೇಟಿ ಕೊಡುತ್ತಾರೆ. ಭೇಟಿಯ ನಮೂನೆಯಲ್ಲಿ ಅವರು ನೋಡುವುದು ಹಾಜರಾತಿ, ದಾಸ್ತಾನು, ಕಲಿಕಾ ಫಲ.